ಅನುಭವದ ಎರಡು ಮೀಮಾಂಸೆಗಳು: ಓಟೊ ಮತ್ತು ನಿಶಿದಾ

ಪಶ್ಚಿಮದ್ದು ತರ್ಕ, ಪೂರ್ವದ್ದು ಅನುಭವ ಎಂಬ ವಿಭಜನೆ ತೌಲನಿಕ ಅಧ್ಯಯನಗಳಲ್ಲಿ ಸಿದ್ಧಸೂತ್ರವಾಗಿ ಬಳಕೆಯಾಗುತ್ತ ಬಂದಿದೆ. ಆಧ್ಯಾತ್ಮಿಕ ಅನುಭವವನ್ನು ಕುರಿತ ಯುರೋಪಿನ ಮತ್ತು ಜಪಾನಿನ ತಾತ್ತ್ವಿಕ ನಿಲುವುಗಳನ್ನು ಎದುರುಬದುರಾಗಿ ಇರಿಸಿದರೆ ಈ ಸೂತ್ರದ ದೌರ್ಬಲ್ಯ ಗೋಚರಿಸುತ್ತದೆ.

ಜರ್ಮನಿಯ ರುಡಾಲ್ಫ್ ಓಟೊ 1917ರ ‘ದಾಸ್ ಹೈಲಿಗೆ’ ಕೃತಿಯಲ್ಲಿ, ಪವಿತ್ರವಾದುದರ ತಿರುಳು ತರ್ಕಕ್ಕೂ ನೀತಿಗೂ ಪೂರ್ತಿಯಾಗಿ ನಿಲುಕದ್ದೆಂದು ಪ್ರತಿಪಾದಿಸಿದನು. ನಡುಗಿಸುತ್ತಲೇ ಸೆಳೆಯುವ ಆ ಸನ್ನಿಧಿ ‘ಸಂಪೂರ್ಣ ಅನ್ಯ’ವಾದುದು. ಅದರ ಮುಂದೆ ಮನುಷ್ಯನು ತನ್ನ ಅಲ್ಪತ್ವವನ್ನು ಅರಿಯುತ್ತಾನೆ. ಅಂತರವೇ ಇಲ್ಲಿ ಅನುಭವದ ಜೀವಾಳ.

ಅದಕ್ಕೂ ಮುನ್ನವೇ, 1911ರಲ್ಲಿ, ನಿಶಿದಾ ಕಿತಾರೊ ಒಳಿತಿನ ಸ್ವರೂಪವನ್ನು ಶೋಧಿಸುವ ತನ್ನ ಮೊದಲ ಕೃತಿಯಲ್ಲಿ ‘ಶುದ್ಧಾನುಭವ’ವನ್ನು ಮಂಡಿಸಿದ್ದನು. ನೋಡುವವನು, ನೋಟ ಎಂಬ ಭೇದ ಹುಟ್ಟುವ ಮುಂಚಿನ ಸ್ಥಿತಿಯದು. ಕಡಿದಾದ ಬಂಡೆಯನ್ನೇರುವವನ ತಲ್ಲೀನತೆ, ಪಳಗಿದ ವಾದಕನ ತನ್ಮಯತೆ ಅವನು ಕೊಡುವ ನಿದರ್ಶನಗಳು. ವ್ಯಕ್ತಿಯಿಂದ ಅನುಭವವಲ್ಲ, ಅನುಭವದಿಂದ ವ್ಯಕ್ತಿ ಎಂಬುದು ಅವನ ವಾದ.

ಒಂದು ದ್ವೈತ, ಇನ್ನೊಂದು ಅದ್ವೈತ ಎಂದು ಇಲ್ಲಿಗೇ ನಿಲ್ಲಿಸುವುದು ಸುಲಭ. ಆದರೆ ಝೆನ್ ಸಾಧಕನಾಗಿದ್ದ ನಿಶಿದಾನ ‘ಶುದ್ಧಾನುಭವ’ ಅಮೆರಿಕದ ವಿಲಿಯಂ ಜೇಮ್ಸ್‌ನಿಂದ ಬಂದ ಪದ. ಜೀವ ದೇವರ ಐಕ್ಯವನ್ನು ಸಾರಿದ ಎಕ್‌ಹಾರ್ಟ್ ಯುರೋಪಿನವನೇ. ಅವನನ್ನು ಶಂಕರರೊಡನೆ ಹೋಲಿಸಿ 1926ರಲ್ಲಿ ಗ್ರಂಥ ಬರೆದವನೂ ಓಟೊನೇ. ಇತ್ತ ನಿಶಿದಾ ತನ್ನ ಕೊನೆಯ ವರ್ಷವಾದ 1945ರ ಪ್ರಬಂಧದಲ್ಲಿ, ಅಹಂ ಅಳಿದಲ್ಲಿ ಮಾತ್ರ ಮನುಷ್ಯನು ನಿರಪೇಕ್ಷವನ್ನು ಸಂಧಿಸುತ್ತಾನೆಂದು ಹೇಳುತ್ತ, ಐಕ್ಯದ ನಡುವೆಯೇ ಅಂತರವನ್ನು ಉಳಿಸಿಕೊಂಡನು. ಹೀಗಾಗಿ ಭೇದವಿರುವುದು ದಿಕ್ಕುಗಳಲ್ಲಲ್ಲ, ಕೇಳಿದ ಪ್ರಶ್ನೆಗಳಲ್ಲಿ. ಓಟೊನದು ‘ಎದುರಿಗಿರುವುದು ಏನು?’ ಎಂಬ ಪ್ರಶ್ನೆ. ನಿಶಿದಾನದು ‘ಎದುರು ಎಂಬುದು ಹುಟ್ಟುವುದೆಲ್ಲಿ?’ ಎಂಬುದು.

ಕನ್ನಡ ವಿದ್ವಾಂಸರಿಗೆ ಇದು ದೂರದ ವಿಚಾರವಲ್ಲ. ಈ ಎರಡಕ್ಕೂ ‘ಅನುಭಾವ’ವೆಂಬ ಒಂದೇ ಪದವನ್ನು ಹೊದಿಸಿದರೆ ಇಬ್ಬರ ಪ್ರಶ್ನೆಗಳೂ ಮಸುಕಾಗುತ್ತವೆ. ಅದಕ್ಕಿಂತ ಮಿಗಿಲಾದ ನಷ್ಟ ವಚನಗಳದು. ಕಾಯಕ, ದಾಸೋಹ, ಶರಣರ ಸಂಗಗಳೊಡನೆ ಬೆಸೆದುಕೊಂಡ ಆ ಪದ ಒಬ್ಬಂಟಿಯ ಒಳಗಿನ ಭಾವಸ್ಥಿತಿಯಾಗಿ ಕುಗ್ಗುತ್ತದೆ. ಅನುಭಾವವನ್ನು ಅನುವಾದದ ಸಲಕರಣೆಯಾಗಿಸದೆ, ಓಟೊ, ನಿಶಿದಾರ ಜೊತೆಗೆ ಮೂರನೆಯ ಪ್ರಶ್ನೆಯಾಗಿ ನಿಲ್ಲಿಸುವುದೇ ತೌಲನಿಕ ಅಧ್ಯಯನಕ್ಕೆ ತಕ್ಕ ಮಾರ್ಗ.