ಮೊದಲು ಉಸಿರು ಎಣಿಸಿ, ಆಮೇಲೆ ರಕ್ತ

ಈಗೀಗ ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಅವರ ರಕ್ತದ ರಿಪೋರ್ಟು ನನ್ನ ವಾಟ್ಸಾಪಿಗೆ ಬಂದಿರುತ್ತದೆ. ಶಿರಸಿಯಲ್ಲಿ ಫಿಸಿಶಿಯನ್ ಆಗಿರುವ ನನಗೆ ಇದು ರೂಢಿಯಾಗಿದೆ. ಫೋಟೋದ ಕೆಳಗೆ ಒಂದು ಸಾಲು ಇರುತ್ತದೆ: ‘ಡಾಕ್ಟ್ರೇ, ಇದರಲ್ಲಿ ಎಂತ ಬಂತು? ಹೆದರುವಂಥದ್ದು ಇಲ್ಲವಲ್ಲ?’ ಸಕ್ಕರೆಯದೋ ಕಿಡ್ನಿಯದೋ ಆದರೆ ಉತ್ತರ ಕೊಡುವುದು ಸುಲಭ. ಎರಡು ದಿನದಿಂದ ಕೈಕಾಲು ಸೋಲುತ್ತಿದೆ, ನೀರು ಕುಡಿದರೆ ಕೆಮ್ಮು ಬರುತ್ತದೆ ಎಂದರೆ ಮಾತ್ರ ನಾನು ರಿಪೋರ್ಟು ಬದಿಗಿಡುತ್ತೇನೆ. ‘ಅವರಿಗೆ ದೀರ್ಘವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ, ಅದನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿ’ ಎಂದು ಉತ್ತರಿಸುತ್ತೇನೆ. ಆರೋಗ್ಯವಂತರು ಸಲೀಸಾಗಿ ನಲವತ್ತರ ಆಚೆ ಹೋಗುತ್ತಾರೆ. ಇಪ್ಪತ್ತರ ಒಳಗೇ ದನಿ ಕಟ್ಟಿದರೆ ನಾನು ಮೊದಲು ಫೋನು ಮಾಡುವುದು ಆಂಬುಲೆನ್ಸಿಗೆ.

ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮ ನರಗಳ ಮೇಲೆ ತಿರುಗಿಬೀಳುವ ಗೀಯಾನ್-ಬಾರೆ ಕಾಯಿಲೆಯ ಬಗ್ಗೆ ಹೇಳುತ್ತಿದ್ದೇನೆ. ನಮ್ಮ ಓದುಗರಿಗೆ ಇದು ‘ಜಿಬಿಎಸ್’ ಎಂದು ಪರಿಚಯವಾದದ್ದು 2025ರ ಆರಂಭದಲ್ಲಿ, ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಇನ್ನೂರಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಒಮ್ಮೆಲೇ ಕಂಡುಬಂದಾಗ. ಕಲುಷಿತ ನೀರು, ಆಹಾರದಿಂದ ಬರುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹಲವರಲ್ಲಿ ಸಿಕ್ಕಿತು. ಕಾಯಿಲೆ ಹೊಸದಲ್ಲ. 1916ರಲ್ಲೇ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ವಿವರಿಸಿದ್ದರು. ಮೂರನೆಯವರಾದ ಸ್ಟ್ರೋಲ್ ಅವರ ಹೆಸರು ಹೇಗೋ ದಾರಿಯಲ್ಲಿ ಉದುರಿಹೋಯಿತು. ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಬಂದವರಲ್ಲಿ ನಾಲ್ವರಿಗೊಬ್ಬರಂತೆ ವೆಂಟಿಲೇಟರ್ ಬೇಕಾಗುತ್ತದೆ. ಹೆಚ್ಚಿನವರು ಮತ್ತೆ ನಡೆಯುತ್ತಾರೆ, ಆದರೆ ಐವರಲ್ಲಿ ಒಬ್ಬರಿಗೆ ಆರು ತಿಂಗಳಾದರೂ ಆಸರೆಯಿಲ್ಲದೆ ನಡೆಯಲಾಗುವುದಿಲ್ಲ.

ಯಾರು ಆ ಒಬ್ಬರು ಎಂದು ಮೊದಲೇ ತಿಳಿಯುವಂತಿದ್ದರೆ? ಈ ಆಸೆಯಿಂದಲೇ ರಕ್ತದ ಮೇಲೆ ಪ್ರಬಂಧಗಳ ಮೇಲೆ ಪ್ರಬಂಧ ಬರುತ್ತಿವೆ. ಬಿಳಿರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಷ್ಟು, ಲಿಂಫೋಸೈಟ್ ಎಷ್ಟು ಎಂದು ಸಾಮಾನ್ಯ ಸಿಬಿಸಿ ರಿಪೋರ್ಟಿನಲ್ಲೇ ಇರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಅದು ಹೆಚ್ಚಿದ್ದವರಿಗೆ ಕಾಯಿಲೆ ತೀವ್ರವಾಗಿತ್ತು ಎನ್ನುವ ಅಧ್ಯಯನಗಳಿವೆ. ಸೋಡಿಯಂ ಇಳಿದವರು, ಆಲ್ಬುಮಿನ್ ಇಳಿದವರು ಹೆಚ್ಚು ಕಷ್ಟಪಟ್ಟರು ಎನ್ನುವವೂ ಇವೆ. ಖರ್ಚು ಹೆಚ್ಚಿಲ್ಲ, ತಾಲ್ಲೂಕು ಲ್ಯಾಬಿನಲ್ಲೂ ಆಗುತ್ತದೆ. ಹಾಗಾಗಿ ಇದನ್ನೆಲ್ಲ ಒಂದು ‘ಪ್ಯಾಕೇಜ್’ ಮಾಡಿ ಮಾರುವ ಕಾಲ ದೂರವಿಲ್ಲ ಅಂತ ನನ್ನ ಅಂದಾಜು. ಅದು ಬರುವ ಮೊದಲೇ ಕೆಲವು ಮಾತು ಹೇಳಿಬಿಡುವುದು ಒಳ್ಳೆಯದು.

ನಮ್ಮ ಕಡೆಯ ಒಬ್ಬ ಕೊನೆಗೌಡರ ಕತೆ ಹೇಳುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು ಅವರ ಕಸುಬು. ವಾರದ ಹಿಂದೆ ಭೇದಿಯಾಗಿತ್ತು, ವಾಸಿಯೂ ಆಗಿತ್ತು. ಒಂದು ಬೆಳಿಗ್ಗೆ ಮರಕ್ಕೆ ಕಾಲು ಹಿಡಿಯಲಿಲ್ಲ. ಮೂರನೆಯ ದಿನ ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಕಣ್ಣು ಬಿಗಿಯಾಗಿ ಮುಚ್ಚಿ ಎಂದರೆ ರೆಪ್ಪೆಯ ಕೂದಲು ಪೂರ್ತಿ ಹೊರಗೇ ಕಾಣುತ್ತಿತ್ತು. ಮಲಗಿದಲ್ಲಿಂದ ತಲೆ ಎತ್ತಿ ಎಂದರೆ ದಿಂಬಿನಿಂದ ಎರಡು ಬೆರಳು ಎದ್ದು ಮತ್ತೆ ಬಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ಮಾತ್ರ ಆಮ್ಲಜನಕ 98 ಎಂದು ಹಸಿರು ಅಂಕಿಯಲ್ಲಿ ತೋರಿಸುತ್ತಿತ್ತು. ‘ಆಕ್ಸಿಜನ್ ಚೆನ್ನಾಗಿದೆಯಲ್ಲ ಡಾಕ್ಟ್ರೇ, ಇಲ್ಲೇ ಎರಡು ದಿನ ನೋಡುವಾ’ ಎಂದರು ಅಣ್ಣ. ಎಣಿಸಲು ಹೇಳಿದೆ. ಹದಿಮೂರಕ್ಕೆ ಬರುವಾಗ ದನಿ ಮೂಗಿಗೆ ಏರಿತು, ಹದಿನಾಲ್ಕಕ್ಕೆ ನಿಂತಿತು.

ಆ 98 ಎಷ್ಟು ಜನರ ದಾರಿ ತಪ್ಪಿಸಿದೆಯೋ. ಜಿಬಿಎಸ್‌ನಲ್ಲಿ ಶ್ವಾಸಕೋಶ ಕೆಟ್ಟಿರುವುದಿಲ್ಲ, ಅದನ್ನು ಹಿಗ್ಗಿಸುವ ಸ್ನಾಯುಗಳು ಸೋಲುತ್ತಿರುತ್ತವೆ. ಉಳಿದ ಸ್ನಾಯುಗಳು ಏದುಸಿರು ಬಿಟ್ಟು ಸರಿದೂಗಿಸುವವರೆಗೂ ರಕ್ತದಲ್ಲಿ ಆಮ್ಲಜನಕ ಸರಿಯಾಗೇ ಇರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು ಎಂದು ಗೊತ್ತಾಗುವ ಹೊತ್ತಿಗೆ ಮನುಷ್ಯ ಸುಸ್ತಾಗಿ ಕೈಬಿಟ್ಟಿರುತ್ತಾನೆ. ಇಲ್ಲಿ ರಕ್ತ ಹೇಳುವುದು ತಡವಾಗಿ. ಕುತ್ತಿಗೆ, ದನಿ, ಎಣಿಕೆ ಮೊದಲೇ ಹೇಳುತ್ತವೆ.

ಇದು ಹಳ್ಳಿ ವೈದ್ಯನೊಬ್ಬನ ಅಂದಾಜಿನ ಮಾತಲ್ಲ. ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನ ವೈದ್ಯರು 2010ರಲ್ಲಿ ಎಗ್ರಿಸ್ ಎಂಬ ಅಂಕಪಟ್ಟಿ ಕೊಟ್ಟರು. ಅದರಲ್ಲಿ ಮೂರೇ ಪ್ರಶ್ನೆ. ಶಕ್ತಿ ಕುಂದತೊಡಗಿ ಎಷ್ಟು ದಿನಕ್ಕೆ ಆಸ್ಪತ್ರೆಗೆ ಬಂದರು? ಮುಖ ಅಥವಾ ಗಂಟಲಿನ ಸ್ನಾಯು ಸೋತಿದೆಯೇ? ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ, ಎರಡೂ ಬದಿ ಸೇರಿ 60ಕ್ಕೆ ಎಷ್ಟು ಬಲ ಉಳಿದಿದೆ? ನಮ್ಮ ಕೊನೆಗೌಡರು ಮೂರನೇ ದಿನಕ್ಕೇ ಬಂದಿದ್ದರಿಂದ 2, ಮುಖಕ್ಕೆ 1, ಬಲ 38 ಇದ್ದುದರಿಂದ 2. ಒಟ್ಟು ಏಳರಲ್ಲಿ 5. ಐದು ಅಥವಾ ಅದಕ್ಕಿಂತ ಹೆಚ್ಚು ಬಂದವರಲ್ಲಿ ಶೇ 65ರಷ್ಟು ಮಂದಿಗೆ ಮೊದಲ ವಾರದಲ್ಲೇ ವೆಂಟಿಲೇಟರ್ ಬೇಕಾಗಿತ್ತು. ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 4. ಒಂದು ಹನಿ ರಕ್ತ ಬೇಡ, ಕರೆಂಟ್ ಸಹ ಬೇಡ.

ಅವರು ಅಂದೇ ಸಂಜೆ ಹುಬ್ಬಳ್ಳಿಗೆ ಹೊರಟರು. ಶಿರಸಿಯಿಂದ ನೂರು ಕಿಲೋಮೀಟರಿನ ಹತ್ತಿರದ ದಾರಿ. ಗಂಟಲಿಗೆ ನಳಿಕೆ ಇಳಿಸಿದ್ದು ಆ ರಾತ್ರಿ, ಐಸಿಯುವಿನಲ್ಲಿ, ದೀಪದ ಬೆಳಕಿನಲ್ಲಿ, ಅರಿವಳಿಕೆ ತಜ್ಞರ ಕೈಯಲ್ಲಿ. ಒಂದು ದಿನ ತಡಮಾಡಿದ್ದರೆ ಅದೇ ಕೆಲಸ ಮುಂಡಗೋಡದ ಆಚೆ ಕತ್ತಲೆಯಲ್ಲಿ ಓಡುವ ವ್ಯಾನಿನೊಳಗೆ ಆಗಬೇಕಿತ್ತು. ಉತ್ತರ ಕನ್ನಡದವರು ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ವರ್ಷಗಳಿಂದ ಯಾಕೆ ಕೂಗುತ್ತಿದ್ದಾರೆ ಎಂದು ಕೇಳುವವರು ಆ ದಾರಿಯಲ್ಲಿ ಒಮ್ಮೆ ರೋಗಿಯೊಂದಿಗೆ ಹೋಗಿಬರಲಿ.

ಅವರ ಸಿಬಿಸಿಯೂ ನನ್ನ ಕೈಯಲ್ಲಿತ್ತು. ನ್ಯೂಟ್ರೋಫಿಲ್ 86, ಲಿಂಫೋಸೈಟ್ 9. ಅನುಪಾತ ಒಂಬತ್ತರ ಮೇಲೆ, ಪ್ರಬಂಧಗಳ ಪ್ರಕಾರ ಗಾಬರಿ ಹುಟ್ಟಿಸುವಷ್ಟು. ಆದರೆ ಹಿಂದಿನ ದಿನ ಬೇರೆ ಕಡೆ ಅವರಿಗೆ ‘ಶಕ್ತಿಗೆ’ ಅಂತ ಡೆಕ್ಸಾ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದಿತ್ತು. ಸ್ಟೀರಾಯ್ಡ್ ಕೊಟ್ಟರೆ ಕೆಲವೇ ತಾಸಿನಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಹಾಗಾದರೆ ಆ ಒಂಬತ್ತು ಕಾಯಿಲೆಯದೋ ಇಂಜೆಕ್ಷನ್ನಿನದೋ? ಬ್ರಹ್ಮನೇ ಬಲ್ಲ. ಜಿಬಿಎಸ್‌ಗೆ ಸ್ಟೀರಾಯ್ಡ್‌ನಿಂದ ಉಪಯೋಗವಿಲ್ಲವೆಂದು ಪ್ರಯೋಗಗಳು ತೋರಿಸಿ ಎಷ್ಟೋ ಕಾಲವಾಯಿತು. ನಮ್ಮಲ್ಲಿ ಅದು ರೋಗಕ್ಕೂ ಪ್ರಯೋಜನವಿಲ್ಲದೆ ರಿಪೋರ್ಟನ್ನೂ ಕೆಡಿಸಿ ಹೋಗುತ್ತದೆ. ಆಲ್ಬುಮಿನ್ನಿನದೂ ಇದೇ ಪಾಡು. ಯುರೋಪಿನವರು ಹಾಕಿದ ಗೆರೆಯನ್ನು ಮಳೆಗಾಲವಿಡೀ ಅರೆಹೊಟ್ಟೆಯಲ್ಲಿ ದುಡಿದ ಕೂಲಿಯವರ ರಕ್ತಕ್ಕೆ ಹಚ್ಚಿದರೆ ಕಾಯಿಲೆಗೆ ಮೊದಲೇ ಅವರು ಗೆರೆಯ ಕೆಳಗಿರುತ್ತಾರೆ.

ರಕ್ತ ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಪೊಟ್ಯಾಸಿಯಂ ನೋಡದೆ ಯಾರನ್ನೂ ಜಿಬಿಎಸ್ ಎನ್ನಬಾರದು. ಅದು ಕುಸಿದರೂ ಕೈಕಾಲು ಹೀಗೇ ಬೀಳುತ್ತವೆ, ಸರಿಮಾಡಿದರೆ ಮನುಷ್ಯ ಒಂದೆರಡು ದಿನದಲ್ಲಿ ಎದ್ದು ನಡೆಯುತ್ತಾನೆ. ಸೋಡಿಯಂ ದಿನಾ ನೋಡಬೇಕು. ಇವು ಮುಂದಿನ ಹೆಜ್ಜೆಯನ್ನು ಬದಲಿಸುವ ಪರೀಕ್ಷೆಗಳು. ನನ್ನ ತಕರಾರು ಇರುವುದು ಹೆಜ್ಜೆ ಬದಲಿಸದೆ ಬರೀ ಭವಿಷ್ಯ ನುಡಿಯುವ ಪರೀಕ್ಷೆಗಳ ಬಗ್ಗೆ.

ಯಾಕೆಂದರೆ ಒಮ್ಮೆ ರಕ್ತದ ಮಾತನ್ನು ಚಿಕಿತ್ಸೆಯವರೆಗೂ ತೆಗೆದುಕೊಂಡು ಹೋಗಿ ನೋಡಿದ್ದಾರೆ. ಅದರ ಕತೆ ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಬೇಕು. ಜಿಬಿಎಸ್‌ಗೆ ಎರಡು ಚಿಕಿತ್ಸೆಗಳಿವೆ. ಒಂದು ಪ್ಲಾಸ್ಮಾ ಬದಲಿಸುವುದು, ಇನ್ನೊಂದು ಐವಿಐಜಿ. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳನ್ನು ತೂಕದ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಐದು ದಿನ ಕೊಡುವುದು ಐವಿಐಜಿ. ಅರವತ್ತು ಕಿಲೋದವರಿಗೆ 120 ಗ್ರಾಂ, ಅಂದರೆ ಐದು ಗ್ರಾಮಿನ 24 ಬಾಟಲಿ. ಬಿಲ್ಲು ಲಕ್ಷಗಳಲ್ಲಿ ಬರುತ್ತದೆ. 2009ರಲ್ಲಿ ಅದೇ ಡಚ್ ವೈದ್ಯರು 174 ರೋಗಿಗಳ ರಕ್ತ ನೋಡಿ, ಐವಿಐಜಿ ಕೊಟ್ಟ ಎರಡು ವಾರಕ್ಕೆ ರಕ್ತದಲ್ಲಿ ಆ ಪ್ರತಿಕಾಯಗಳ, ಅಂದರೆ ಐಜಿಜಿಯ, ಮಟ್ಟ ಸಾಕಷ್ಟು ಏರದವರು ಚೇತರಿಸಿಕೊಳ್ಳುವುದು ನಿಧಾನ ಎಂದು ಕಂಡುಕೊಂಡರು. ಯಾರಿಗೇ ಆದರೂ ಹೊಳೆಯುವುದು ಒಂದೇ: ಅಂಥವರಿಗೆ ಇನ್ನೊಂದು ಸುತ್ತು ಕೊಟ್ಟರೆ? ಹಲವು ಕಡೆ ಕೊಟ್ಟೂ ಬಿಟ್ಟರು. ಕೊನೆಗೆ ಸರಿಯಾದ ಪ್ರಯೋಗ ನಡೆಯಿತು. ವಯಸ್ಸು, ಭೇದಿ, ಸ್ನಾಯುಬಲ ನೋಡುವ ಅಂಕಪಟ್ಟಿಯಿಂದ ‘ಇವರ ಗತಿ ಕಷ್ಟ’ ಎನಿಸಿದವರನ್ನು ಆರಿಸಿ, ಕೆಲವರಿಗೆ ಎರಡನೇ ಸುತ್ತು ಕೊಟ್ಟು, ಕೆಲವರಿಗೆ ಹುಸಿ ಔಷಧ ಕೊಟ್ಟು 93 ಜನರನ್ನು ಹೋಲಿಸಿದರು. 2021ರಲ್ಲಿ ಫಲಿತಾಂಶ ಬಂತು. ಎರಡನೇ ಸುತ್ತಿನಿಂದ ಏನೂ ಲಾಭವಾಗಿರಲಿಲ್ಲ. ರಕ್ತ ಹೆಪ್ಪುಗಟ್ಟುವಂಥ ತೊಂದರೆ ಅದನ್ನು ಪಡೆದವರಲ್ಲೇ ಹೆಚ್ಚಾಗಿತ್ತು.

ಅಂದರೆ ಭವಿಷ್ಯ ಸುಳ್ಳಾಗಿರಲಿಲ್ಲ, ಪರಿಹಾರ ಸುಳ್ಳಾಗಿತ್ತು. ಇಷ್ಟಾದ ಮೇಲೂ ‘ರಿಪೋರ್ಟು ನೋಡಿದರೆ ಇನ್ನೊಂದು ಡೋಸ್ ಬೇಕಾದೀತು’ ಎಂಬ ಮಾತಿಗೆ ಒಂದು ಮನೆಯವರು ಅಡಿಕೆ ತೋಟವನ್ನು ಭೋಗ್ಯಕ್ಕೆ ಹಾಕಲು ಹೊರಟದ್ದನ್ನು ನಾನು ಕಂಡಿದ್ದೇನೆ.

ಹೊಸತಾಗಿ ಬಂದಿರುವುದರಲ್ಲಿ ನನಗೆ ನಿಜಕ್ಕೂ ಆಸೆ ಹುಟ್ಟಿಸಿದ್ದು ನ್ಯೂರೋಫಿಲಮೆಂಟ್ ಪರೀಕ್ಷೆ. ನರತಂತು ಒಡೆದಾಗ ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ನರದ ಹೊದಿಕೆಗೆ ಮಾತ್ರ ಪೆಟ್ಟಾಗಿದೆಯೋ ಒಳಗಿನ ತಂತುವೇ ಹೋಗಿದೆಯೋ ಎಂಬುದಕ್ಕೆ ಇದು ಸುಳಿವು ಕೊಡುತ್ತದೆ. ಮೊದಲಿನದಾದರೆ ಚೇತರಿಕೆ ಬೇಗ, ಎರಡನೆಯದಾದರೆ ಬಹಳ ಸಲ ನಿಧಾನ. 2020ರಲ್ಲಿ ಬಾರ್ಸಿಲೋನಾದವರು ನೂರರ ಹತ್ತಿರದಷ್ಟು ರೋಗಿಗಳಲ್ಲಿ ಇದನ್ನು ಅಳೆದು, ಮೊದಲೇ ಹೆಚ್ಚಿದ್ದವರು ವರ್ಷದ ನಂತರವೂ ಹಿಂದುಳಿದಿದ್ದರು ಎಂದು ತೋರಿಸಿದರು. ಆದರೆ ಇದೂ ವಯಸ್ಸಾದಂತೆ ಏರುತ್ತದೆ, ಕಿಡ್ನಿ ಸೋತರೆ ಏರುತ್ತದೆ. ಕಿಡ್ನಿಯನ್ನು ಸೋಲಿಸುವ ಸಕ್ಕರೆ ಕಾಯಿಲೆ ಇಲ್ಲದ ಅರವತ್ತರ ಮನುಷ್ಯನನ್ನು ಹುಡುಕಬೇಕಾದ ನಮ್ಮ ಊರುಗಳಿಗೆ ನಮ್ಮದೇ ಗೆರೆ ಬೇಕು. ಅದನ್ನು ಹಾಕಬೇಕಾದವರು ನಮ್ಮ ದೊಡ್ಡ ಸಂಸ್ಥೆಗಳವರು.

ಇದೇ ಜಾತಿಯ ಇನ್ನೊಂದು ಕಾಯಿಲೆ ಮಯಸ್ತೇನಿಯಾ ಗ್ರೇವಿಸ್. ನರ ಮತ್ತು ಸ್ನಾಯು ಕೂಡುವಲ್ಲಿ ಏಟು ಬೀಳುವ ಕಾಯಿಲೆ ಅದು. ಅದರ ಪ್ರತಿಕಾಯ ರಕ್ತದಲ್ಲಿ ಸಿಕ್ಕರೆ ಕಾಯಿಲೆ ಖಚಿತವಾಗುತ್ತದೆ, ಅದರ ಕೆಲಸ ಅಷ್ಟೇ. ಅಂಕಿ ಎಷ್ಟು ದೊಡ್ಡದು ಎಂಬುದಕ್ಕೂ ಕಾಯಿಲೆ ಎಷ್ಟು ಜೋರು ಎಂಬುದಕ್ಕೂ ಒಬ್ಬರಿಂದೊಬ್ಬರಿಗೆ ತಾಳೆ ಇಲ್ಲ. ಆದರೂ ಆರು ತಿಂಗಳಿಗೊಮ್ಮೆ ಆ ದುಬಾರಿ ಪರೀಕ್ಷೆ ಮಾಡಿಸಿ, ಅಂಕಿ ಇಳಿಯಲಿಲ್ಲವೆಂದು ಊಟ ಬಿಡುವವರು ನನ್ನಲ್ಲಿಗೆ ಬರುತ್ತಾರೆ. ‘ನಿಮ್ಮ ರೆಪ್ಪೆ ಸಂಜೆಗೆ ಜೋಲುತ್ತದೆಯೇ, ಅಗಿಯುವಾಗ ದವಡೆ ಸೋಲುತ್ತದೆಯೇ, ಅದನ್ನು ಹೇಳಿ ಅಕ್ಕ’ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ.

ನಾನು ಹೆಚ್ಚು ಹೆದರುವುದು ಇನ್ನೊಂದಕ್ಕೆ. ‘ಗತಿ ಕಷ್ಟ’ ಎಂಬ ಅಂಕಿ ಕೈಗೆ ಸಿಕ್ಕಮೇಲೆ ವೆಂಟಿಲೇಟರ್ ಮುಂದುವರಿಸಬೇಕೇ ಎಂಬ ಪ್ರಶ್ನೆ ಮನೆಯವರ ನಡುವೆ ಹುಟ್ಟುತ್ತದೆ. ಸಾಲದ ಲೆಕ್ಕವೂ ಅದರೊಳಗೆ ಸೇರುತ್ತದೆ. ಜಿಬಿಎಸ್‌ನಲ್ಲಿ ತಿಂಗಳುಗಟ್ಟಲೆ ವೆಂಟಿಲೇಟರಿನಲ್ಲಿದ್ದವರೂ ಎದ್ದು ಮನೆಗೆ ಹೋಗುತ್ತಾರೆ, ಚೇತರಿಕೆ ವರ್ಷದಾಚೆಗೂ ನಡೆಯುತ್ತಿರುತ್ತದೆ. ನೂರು ಜನರ ಸರಾಸರಿಯಿಂದ ಬಂದ ಅಂಕಿಯನ್ನು ಹಾಸಿಗೆಯ ಮೇಲಿನ ಒಬ್ಬರ ಹಣೆಬರಹ ಎಂದು ಓದುವುದು ಅನ್ಯಾಯ. ನಮ್ಮ ಕೊನೆಗೌಡರು ಈಗ ನಡೆಯುತ್ತಾರೆ. ಮರ ಹತ್ತುವುದಿಲ್ಲ, ಕೊನೆ ಇಳಿಸುವಾಗ ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ, ಕೂಲಿಯೂ ಅದಕ್ಕೆ ತಕ್ಕಂತೆ ಕಡಿಮೆ. ಚೇತರಿಕೆ ಅಳೆಯುವ ಅಂಕಪಟ್ಟಿಯ ಲೆಕ್ಕದಲ್ಲಿ ಅವರು ‘ಒಳ್ಳೆಯ ಫಲಿತಾಂಶ’, ಯಾಕೆಂದರೆ ಅದು ಮುಖ್ಯವಾಗಿ ಕೇಳುವುದು ನಡೆಯುತ್ತೀರಾ ಎಂದು. ಆ ಕೂಲಿಯ ವ್ಯತ್ಯಾಸ ಬರೆಯಲು ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಸದ್ಯಕ್ಕೆ ಆಗಬೇಕಾದ ಕೆಲಸ ತೀರಾ ಸಣ್ಣದು. ತಾಲ್ಲೂಕು ಆಸ್ಪತ್ರೆಗಳಿಂದ ಮೇಲಿನ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಈಗ ‘ಜಿಬಿಎಸ್ ಇರಬಹುದು, ದಯವಿಟ್ಟು ನೋಡಿ’ ಎಂಬ ಒಂದು ಸಾಲು ಇರುತ್ತದೆ, ಹಿಂದೆ ನಾಲ್ಕು ಲ್ಯಾಬ್ ಹಾಳೆ ಪಿನ್ ಮಾಡಿರುತ್ತದೆ. ಅದರ ಬದಲು ಕೈಕಾಲಿನ ಬಲ ಕುಂದಲು ಶುರುವಾದ ತಾರೀಖು, 60ಕ್ಕೆ ಎಷ್ಟು ಬಲ, ನೀರು ನುಂಗುತ್ತಾರೋ ಇಲ್ಲವೋ, ಒಂದು ಉಸಿರಿಗೆ ಎಷ್ಟು ಎಣಿಸಿದರು, ಅದು ಎಷ್ಟು ಗಂಟೆಗೆ, ಸ್ಟೀರಾಯ್ಡ್ ಬಿದ್ದಿದೆಯೇ ಎಂದು ಬರೆಯಲಿ. ಜೊತೆಗೆ ಪೊಟ್ಯಾಸಿಯಂ. ಹೊರಡುವಾಗೊಮ್ಮೆ, ದಾರಿಯಲ್ಲಿ ತಾಸಿಗೊಮ್ಮೆ ಎಣಿಸಲು ಹೇಳಿ ಬರೆದುಕೊಳ್ಳುವುದನ್ನು ಆಂಬುಲೆನ್ಸಿನ ಸಿಬ್ಬಂದಿಗೂ ಕಲಿಸಲಿ. ಒಂದು ಪುಟದ ಸುತ್ತೋಲೆಯಲ್ಲಿ ಆಗುವ ಕೆಲಸ ಇದು, ಟೆಂಡರ್ ಕರೆಯಬೇಕಾಗಿಲ್ಲ.