ಕಾಲು ಕಟ್ಟದ ಹಲಗೆ, ಕಡಲ ಮಕ್ಕಳು

ಚೆನ್ನೈಯಲ್ಲಿ ಹಿಮ ನೋಡಬೇಕೆನಿಸಿದವರು ಈಸ್ಟ್ ಕೋಸ್ಟ್ ರಸ್ತೆಯ ವಿಜಿಪಿ ಸ್ನೋ ಕಿಂಗ್‌ಡಂಗೆ ಹೋಗುತ್ತಾರೆ. ಟಿಕೆಟ್ ಕೊಂಡು, ದಪ್ಪ ಕೋಟು ತೊಟ್ಟು, ಕೊರೆಯುವ ಹಾಲ್‌ನೊಳಗೆ ಒಂದಷ್ಟು ಹೊತ್ತು ಜಾರಿ ಬಿದ್ದು ನಕ್ಕು ಹೊರಬರುತ್ತಾರೆ. ಹೊರಗೆ ಮತ್ತದೇ ಸೆಕೆ. ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಸಾಗಿದರೆ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ ಕೋವಲಂ ಎಂಬ ಮೀನುಗಾರರ ಊರು ಸಿಗುತ್ತದೆ. ಹಿಮಕ್ಕೂ ಈ ಊರಿಗೂ ಎತ್ತಣಿಂದೆತ್ತ ಸಂಬಂಧ ಎನ್ನುವವರು ಹಿಮನಾಡುಗಳಲ್ಲಿ ಹಬ್ಬುತ್ತಿರುವ ಹೊಸ ಹುಚ್ಚನ್ನು ಒಮ್ಮೆ ನೋಡಬೇಕು.

ಅದರ ಹೆಸರು ಪೌಡರ್ ಸರ್ಫಿಂಗ್. ಸಾಮಾನ್ಯ ಸ್ನೋಬೋರ್ಡಿನಲ್ಲಿ ಬೂಟು ತೊಟ್ಟು, ಅದನ್ನು ಬೈಂಡಿಂಗ್ ಎಂಬ ಪಟ್ಟಿಗಳಿಂದ ಹಲಗೆಗೆ ಬಿಗಿಯುತ್ತಾರೆ. ಇಲ್ಲಿ ಬೈಂಡಿಂಗೇ ಇಲ್ಲ. ಆಗಷ್ಟೇ ಬಿದ್ದ ಪುಡಿಹಿಮದ ಇಳಿಜಾರಿನಲ್ಲಿ, ಹಲಗೆಯ ಮೇಲೆ ಸುಮ್ಮನೆ ನಿಂತು, ಮೈತೂಕವನ್ನು ಹಿಮ್ಮಡಿಯಿಂದ ಬೆರಳಿಗೂ ಬೆರಳಿನಿಂದ ಹಿಮ್ಮಡಿಗೂ ಸರಿಸುತ್ತಾ ಇಳಿಯಬೇಕು. ಸವಾರ ಬಿದ್ದರೆ ಹಲಗೆ ತನ್ನಷ್ಟಕ್ಕೆ ಓಡಿಹೋಗಿ ಕೆಳಗಿದ್ದವರಿಗೆ ಬಡಿಯಬಹುದು. ಜನಸಂದಣಿಯ ಸ್ಕೀ ಇಳಿಜಾರು ಇದಕ್ಕೆ ತಕ್ಕ ಜಾಗವಲ್ಲ. ಲಿಫ್ಟೂ ಇಲ್ಲದ, ಕಾವಲೂ ಇಲ್ಲದ ಬೆಟ್ಟಗಳಿಗೆ ಹಲಗೆ ಹೊತ್ತು ನಡೆದೇ ಹತ್ತುವವರ ಆಟವಿದು. ಹಿಮಕುಸಿತದ ಭಯ ಅಲ್ಲಿ ಯಾವಾಗಲೂ ಇದ್ದದ್ದೇ.

ಹೊಸದು ಎಂದೆವು, ಅದು ಪೂರ್ತಿ ನಿಜವಲ್ಲ. ಟರ್ಕಿಯ ಕಪ್ಪು ಸಮುದ್ರದ ಕಡೆಯ ಬೆಟ್ಟದ ಹಳ್ಳಿಯೊಂದರಲ್ಲಿ ಜನ ತಲೆಮಾರುಗಳಿಂದ ಒಂದು ಹಗ್ಗ, ಒಂದು ಕೋಲು ಹಿಡಿದು ಮರದ ಹಲಗೆಯ ಮೇಲೆ ನಿಂತೇ ಹಿಮ ಇಳಿಯುತ್ತಿದ್ದರು. ಅಮೆರಿಕದ ಮಿಶಿಗನ್ನಿನಲ್ಲಿ ಶೆರ್ಮನ್ ಪಾಪ್ಪೆನ್ ಎಂಬಾತ 1965ರ ಕ್ರಿಸ್ಮಸ್ ದಿನ ಎರಡು ಸ್ಕೀಗಳನ್ನು ಜೋಡಿಸಿ ಮಕ್ಕಳಿಗೆ ಆಟಿಕೆ ಮಾಡಿಕೊಟ್ಟ. ಸ್ನರ್ಫರ್ ಎಂದು ಮಾರಾಟವಾದ ಅದರಲ್ಲೂ ಕಾಲು ಕಟ್ಟುವ ಏರ್ಪಾಡು ಇರಲಿಲ್ಲ. ಬೈಂಡಿಂಗ್, ಬೂಟು, ಬ್ರ್ಯಾಂಡು ಎಲ್ಲ ಬಂದದ್ದು ಆಮೇಲೆ, ಉದ್ಯಮ ಬೆಳೆದಾಗ. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಕಾಲಿಟ್ಟಿತು. ಈಗ ಯೂಟಾದ ಜೆರೆಮಿ ಜೆನ್ಸನ್‌ನಂಥವರು ಬೈಂಡಿಂಗ್ ಬಿಚ್ಚಿ ಹಾಕಿ, ಹಲಗೆಯ ತಳವನ್ನೇ ಬೇರೆ ಬಗೆಯಲ್ಲಿ ಕೆತ್ತಿ, ಸಮುದ್ರದ ಅಲೆಯನ್ನು ಬೆಟ್ಟದಲ್ಲಿ ಹುಡುಕುತ್ತಿದ್ದಾರೆ. ಹಣ ಕೊಟ್ಟು ಕಟ್ಟಿಸಿಕೊಂಡ ಕಾಲನ್ನು ಮತ್ತೆ ಹಣ ಕೊಟ್ಟು ಬಿಡಿಸಿಕೊಳ್ಳುವ ಈ ತಮಾಷೆಗೆ ಏನೆನ್ನಬೇಕೋ!

ಕೋವಲಂನಲ್ಲಿ ಕಾಲನ್ನು ಯಾರೂ ಕಟ್ಟಿಯೇ ಇರಲಿಲ್ಲ. ಕಟ್ಟುಮರದ ಮೇಲೆ ನಿಂತು ಹುಟ್ಟು ಹಾಕುತ್ತಾ ಅಲೆ ದಾಟುವವರ ಮಕ್ಕಳಿಗೆ, ತೂಗಾಡುವ ಮರದ ಮೇಲೆ ಸಮತೋಲ ಕಾಯುವುದು ಪಾಠವಲ್ಲ, ಮನೆಯ ವಾಡಿಕೆ. ಮೀನುಗಾರ ಮೂರ್ತಿ ಮೇಗವನ್ ಹುಡುಗನಾಗಿದ್ದಾಗ ಮರದ ತುಂಡಿನ ಮೇಲೆಯೇ ಅಲೆ ಹಿಡಿದವರು. ನಿಜವಾದ ಸರ್ಫ್‌ಬೋರ್ಡ್ ಕೈಗೆ ಬಂದದ್ದು ಬಹಳ ತಡವಾಗಿ. ಮುಂದೆ ಚೆನ್ನೈನ ಉದ್ಯಮಿ ಅರುಣ್ ವಾಸು ಜತೆಗೂಡಿದರು, ಕೋವ್‌ಲಾಂಗ್ ಪಾಯಿಂಟ್ ಸರ್ಫ್ ಶಾಲೆ ಎದ್ದಿತು. ನಗರದ ಐಟಿ ಉದ್ಯೋಗಿಗಳು ವಾರಾಂತ್ಯದಲ್ಲಿ ಶುಲ್ಕ ಕೊಟ್ಟು ಕಲಿಯುವುದು ಮೀನುಗಾರರ ಊರಿನ ಹುಡುಗರಿಂದ. ಈ ಕ್ರೀಡೆಯ ಅರ್ಥಶಾಸ್ತ್ರ ನೆಟ್ಟಗಾದದ್ದು ಇಲ್ಲೇ ಎನ್ನಬೇಕು.

ಇನ್ನೂ ದಕ್ಷಿಣಕ್ಕೆ, ಮಾಮಲ್ಲಪುರದಲ್ಲಿ ಕಮಲಿ ಮೂರ್ತಿ ಇದ್ದಾಳೆ. ಫ್ರಾಕು ತೊಟ್ಟು ಬರಿಗಾಲಲ್ಲಿ ಸ್ಕೇಟ್‌ಬೋರ್ಡ್ ಓಡಿಸುವ ಪುಟ್ಟ ಹುಡುಗಿಯ ಚಿತ್ರವನ್ನು ಸ್ಕೇಟ್‌ಬೋರ್ಡ್ ದಿಗ್ಗಜ ಟೋನಿ ಹಾಕ್ ಹಂಚಿಕೊಂಡಿದ್ದರು. ಅವಳ ಬಗೆಗಿನ ಕಿರುಚಿತ್ರ ಬಾಫ್ಟಾ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಆ ಹುಡುಗಿ 2024ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ಮಹಿಳಾ ಕಿರೀಟ ಗೆದ್ದಳು. ಪುರುಷರಲ್ಲಿ ಗೆದ್ದ ಹರೀಶ್ ಕೂಡ ತಮಿಳುನಾಡಿನವನೇ. ಪಂದ್ಯ ನಡೆದದ್ದೆಲ್ಲಿ? ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ.

ಕನ್ನಡಿಗರಿಗೆ ಚುಚ್ಚಬೇಕಾದ ಮಾತು ಇದು. ಈ ಆಟದಲ್ಲಿ ಮೊದಲು ಹೆಜ್ಜೆಯಿಟ್ಟದ್ದು ಕರ್ನಾಟಕ. 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡರು. ಅಲ್ಲಿಂದ ಮಂತ್ರ ಸರ್ಫ್ ಕ್ಲಬ್ ಬೆಳೆಯಿತು. ಇಂಡಿಯನ್ ಓಪನ್‌ನ ಮೊದಲ ಆವೃತ್ತಿ 2016ರಲ್ಲಿ ನಡೆದದ್ದು, ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಇದೇ ಸಸಿಹಿತ್ಲುವಿನ ಅಳಿವೆಯ ಬಳಿ. ಮೂಲ್ಕಿಯ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಆದರೆ ಒಬ್ಬ ತನ್ವಿಯ ಹಿಂದೆ ಸಾಲುಸಾಲಾಗಿ ಬರಬೇಕಿದ್ದ ಮೀನುಗಾರ ಮೊಗವೀರರ ಮಕ್ಕಳೆಲ್ಲಿ?

ಒಂದು ಕಾರಣ ಪ್ರಕೃತಿಯದೇ. ಯಾಂತ್ರೀಕೃತ ದೋಣಿಗಳಿಗೆ ಎರಡೂ ಕರಾವಳಿಗಳಲ್ಲಿ 61 ದಿನಗಳ ಮೀನುಗಾರಿಕೆ ನಿಷೇಧವಿದೆ. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಶಾಲೆಗೆ ರಜೆ, ಪ್ರವಾಸಿಗರ ಸುಗ್ಗಿ, ದೋಣಿ ದಡದಲ್ಲಿ: ಹಲಗೆ ಹಿಡಿಯಲು, ಕಲಿಸಿ ನಾಲ್ಕು ಕಾಸು ಮಾಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕರ್ನಾಟಕದಲ್ಲಿ ನಿಷೇಧ ಜೂನ್, ಜುಲೈ ತಿಂಗಳಲ್ಲಿ, ಅಂದರೆ ಮುಂಗಾರಿನ ಕಡಲು ಕೆರಳಿ ದಡವನ್ನೇ ಕೊರೆಯುವ ಹೊತ್ತಿನಲ್ಲಿ. ಆಗ ಕಲಿಯುವ ಮಗುವನ್ನು ನೀರಿಗಿಳಿಸುವವರು ಯಾರು?

ಆದರೆ ಮಳೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಲಾಗದು. ಕರಾವಳಿ ಕರ್ನಾಟಕದಲ್ಲಿ ಸರ್ಫಿಂಗ್ ಬಹುಮಟ್ಟಿಗೆ ಹೊರಗಿನಿಂದ ಬಂದು ತಂಗುವವರ ಆಟವಾಗಿಯೇ ಉಳಿಯಿತು. ಸರ್ಕಾರಕ್ಕೂ ಅದು ವರ್ಷಕ್ಕೊಮ್ಮೆ ಪೆಂಡಾಲ್ ಹಾಕಿ ಪ್ರವಾಸೋದ್ಯಮದ ಬ್ಯಾನರ್ ಕಟ್ಟಲು ಒದಗುವ ಉತ್ಸವ. ಉತ್ಸವದ ಮರುದಿನ ಹಲಗೆಗಳು ಲಾರಿ ಹತ್ತುತ್ತವೆ, ದಡದ ಮಕ್ಕಳು ಖಾಲಿ ಕೈಯಲ್ಲಿ ಉಳಿಯುತ್ತಾರೆ.

ಕನ್ನಡದ ಮಕ್ಕಳಿಗೆ ಇದು ಒಗ್ಗದು ಎನ್ನುವಂತೆಯೂ ಇಲ್ಲ. ಕರ್ನಾಟಕದಿಂದ ವಲಸೆ ಹೋಗಿ ಕೇರಳದ ಕೋವಳಂ ಕಡಲತೀರದಲ್ಲಿ ಕರಕುಶಲ ವಸ್ತು ಮಾರುವ ಕುಟುಂಬದ ಹುಡುಗ ರಮೇಶ್ ಬೂದಿಹಾಳ. (ಚೆನ್ನೈನ ಕೋವಲಂ ಬೇರೆ, ತಿರುವನಂತಪುರದ ಈ ಕೋವಳಂ ಬೇರೆ.) 2025ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಭಾರತಕ್ಕೆ ಬಂದು ಮಾಮಲ್ಲಪುರದಲ್ಲಿ ನಡೆದಾಗ, ಪುರುಷರ ಓಪನ್ ವಿಭಾಗದಲ್ಲಿ ಆತ ಕಂಚು ಗೆದ್ದ. ಆ ಕೂಟದ ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಚಿನ್ನ ಕೊರಿಯಾಕ್ಕೆ, ಬೆಳ್ಳಿ ಇಂಡೊನೇಷ್ಯಾಕ್ಕೆ. ಬೂದಿಹಾಳ ಎಂಬ ಅಡ್ಡಹೆಸರಿನ ಹುಡುಗ ಅಲೆ ಕಲಿತದ್ದು ಮಾತ್ರ ಕನ್ನಡನಾಡಿನ ಕಡಲಲ್ಲಲ್ಲ.

ಹಾಗಾದರೆ ಬೇಕಾದದ್ದೇನು? ಹಿಮದಾಟದವರನ್ನು ಬೆಟ್ಟ ಹತ್ತಿಸುವ ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾದಂಥ ದುಬಾರಿ ಯಂತ್ರವಲ್ಲ. ಉಳ್ಳಾಲದಿಂದ ಕಾರವಾರದವರೆಗೆ ಕಡಲಿಗೆ ಹತ್ತಿರವಿರುವ ಸರ್ಕಾರಿ ಶಾಲೆಗಳಲ್ಲಿ ಹತ್ತಾರನ್ನು ಆರಿಸಿ, ಕಲಿಯುವವರಿಗೆಂದೇ ಬರುವ ಮೆದು ಫೋಮ್ ಹಲಗೆಗಳನ್ನು ಕೊಡಬೇಕು. ಜೀವರಕ್ಷಕ ತರಬೇತಿ ಪಡೆದ ಸ್ಥಳೀಯ ಮೀನುಗಾರ ಯುವಕರನ್ನು ಸಂಬಳ ಕೊಟ್ಟು ತರಬೇತುದಾರರನ್ನಾಗಿ ನೇಮಿಸಬೇಕು. ಕಡಲ್ಕೊರೆತಕ್ಕೆ ಎಲ್ಲೆಂದರಲ್ಲಿ ಬಂಡೆ ಸುರಿಯುವ ಮುನ್ನ ಅಲ್ಲಿ ಅಲೆ ಹೇಗೆ ಮುರಿಯುತ್ತದೆ, ಮರಳು ಎತ್ತ ಸರಿಯುತ್ತದೆ ಎಂದು ಆ ಯುವಕರನ್ನೂ ಕೇಳಬೇಕು. ಮುಂಗಾರು ಮುಗಿದು ಕಡಲು ತಣ್ಣಗಾಗುವ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ನಮ್ಮ ಮಕ್ಕಳಿಗೂ ಅಲೆಯಿದೆ. ಕ್ರೀಡಾ ಇಲಾಖೆ ಮತ್ತು ಮೀನುಗಾರಿಕಾ ಇಲಾಖೆಗಳು ಇದನ್ನು ಪ್ರವಾಸೋದ್ಯಮಕ್ಕೆ ಬಿಟ್ಟುಕೊಟ್ಟು ಕೂರದೆ, ಮುಂದಿನ ಬಜೆಟ್ಟಿನಲ್ಲೇ ಒಂದು ಸಣ್ಣ ಮೊತ್ತ ತೆಗೆದಿಟ್ಟು ಈ ಕೆಲಸ ಶುರು ಮಾಡಲಿ.