ಕೋರ್ಸು ಕೊಳ್ಳುವ ಮುನ್ನ ನಾಲ್ಕು ಮಾತು



ಗೊಬ್ಬರ, ಔಷಧ, ಕೊನೆ ಇಳಿಸುವವರ ಕೂಲಿ, ಸುಲಿತದ ಖರ್ಚು - ಸಾಲದ ಅರ್ಜಿಗಳಲ್ಲಿ ನಾವು ವರ್ಷ ವರ್ಷವೂ ಕಾಣುವ ಕಾರಣಗಳಿವು. ಈಚೆಗೆ ವಸಂತನರಸಾಪುರದ ಆಸುಪಾಸಿನ ಹಳ್ಳಿಯ ಸದಸ್ಯರೊಬ್ಬರು ಕಛೇರಿಗೆ ಬಂದು, ಗೊಬ್ಬರಕ್ಕೆಂದು ಪಡೆದ ಸಾಲದಲ್ಲಿ ನಲವತ್ತು ಸಾವಿರ ರೂಪಾಯಿ ಮಗನ ಕೋರ್ಸಿಗೆ ಹೋಯಿತೆಂದು ಅಳುಕುತ್ತ ತಿಳಿಸಿದರು. ಎಂಥ ಕೋರ್ಸೆಂದು ಕೇಳಿದೆವು. "ಅದೇನೋ ಅಫಿಲಿಯೇಟ್ ಮಾರ್ಕೆಟಿಂಗ್ ಅಂತೆ ಸ್ವಾಮಿ. ಮನೇಲಿ ಕೂತು ಮೊಬೈಲಿನಲ್ಲೇ ತಿಂಗಳಿಗೆ ಲಕ್ಷ ದುಡೀಬಹುದಂತೆ" ಎಂದರು. ಆರು ತಿಂಗಳಾಯಿತು. ತೋಟಕ್ಕೆ ಗೊಬ್ಬರ ಬೀಳಲಿಲ್ಲ. ಮಗನ ಖಾತೆಗೆ ಬಂದದ್ದು ಎರಡು ಸಾವಿರದ ಚಿಲ್ಲರೆ. ಅದೂ ತನ್ನ ಚಿಕ್ಕಪ್ಪನ ಮಗನಿಗೆ ಅಲ್ಲಿಯದೇ ಒಂದು ಸಣ್ಣ ಕೋರ್ಸನ್ನು ಮಾರಿಕೊಟ್ಟದ್ದಕ್ಕೆ ಸಂದ ಕಮಿಷನ್.

ಆ ಅರ್ಜಿಗೆ ಶಿಫಾರಸಿನ ಸಹಿ ನಮ್ಮದು. ಗೊಬ್ಬರದ ರಸೀತಿ ಕೇಳಬೇಕಾಗಿತ್ತು, ಕೇಳಲಿಲ್ಲ. ಆದುದರಿಂದ ಈ ವಿಚಾರವಾಗಿ ನಾಲ್ಕು ಮಾತು ಬರೆಯುವ ಹೊಣೆ ನಮ್ಮ ಮೇಲೆಯೇ ಇದೆ.

ಮೊದಲಿಗೆ ಈ ಅಫಿಲಿಯೇಟ್ ಮಾರ್ಕೆಟಿಂಗ್ ಎಂಬುದು ಏನೆಂದು ತಿಳಿಯೋಣ. ಹೆಸರು ಹೊಸದು, ಕಸುಬು ಹಳೆಯದು. ಮಾಲು ಒಬ್ಬರದು, ಗಿರಾಕಿ ಇನ್ನೊಬ್ಬರು, ನಡುವೆ ಕುದುರಿಸಿದವರಿಗೆ ದಲಾಲಿ. ಇಂಟರ್‌ನೆಟ್ಟಿನ ಅಂಗಡಿಯೊಂದು ತನ್ನ ಸರಕಿನ ಕೊಂಡಿಯನ್ನು ನಮ್ಮ ಹುಡುಗನ ಗುರುತಿನ ಸಂಖ್ಯೆಯೊಡನೆ ಅವನಿಗೆ ಕೊಡುತ್ತದೆ. ಅವನು ಅದನ್ನು ನಾಲ್ಕು ಜನರಿಗೆ ಕಳುಹಿಸುತ್ತಾನೆ. ಆ ಕೊಂಡಿಯ ಮೂಲಕ ಯಾರಾದರೂ ಸರಕು ಕೊಂಡರೆ ಇವನಿಗೆ ನೂರಕ್ಕೆ ಇಷ್ಟೆಂದು ಸಲ್ಲುತ್ತದೆ. ಅಮೆಜಾನಿನವರು ಈ ಪದ್ಧತಿಯನ್ನು 1996ರಲ್ಲಿಯೇ ಆರಂಭಿಸಿದರು. ಅದಕ್ಕೆ ಸೇರಲು ಇಂದಿಗೂ ಶುಲ್ಕವಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ದಲಾಲಿಯೇ ಪಾಪವೆಂದರೆ ತುಮಕೂರಿನ ಮಾರುಕಟ್ಟೆಯ ಅರ್ಧ ಮಳಿಗೆಗಳನ್ನು ಮುಚ್ಚಬೇಕಾದೀತು.

ಮೋಸವಿರುವುದು ಮಾಲು ಯಾವುದೆಂಬಲ್ಲಿ. ಮುನ್ನೂರು ರೂಪಾಯಿಯ ಕಾಫಿಪುಡಿಗೆ ನೂರಕ್ಕೆ ಎಂಟರಂತೆ ದಲಾಲಿ ಹಿಡಿದರೆ ಪೊಟ್ಟಣಕ್ಕೆ 24 ರೂಪಾಯಿ. ಕೋರ್ಸಿಗೆ ಹಾಕಿದ ನಲವತ್ತು ಸಾವಿರ ಹಿಂದಿರುಗಬೇಕಾದರೆ 1,667 ಪೊಟ್ಟಣ ಮಾರಬೇಕು. ಈ ಲೆಕ್ಕವನ್ನು ಕೋರ್ಸು ಮಾರುವವರು ಹೇಳುವುದಿಲ್ಲ. ಅವರು ಹೇಳುವುದು ಬೇರೆ: "ನಮ್ಮ ಕೋರ್ಸನ್ನೇ ಮಾರು, ಅರ್ಧ ಹಣ ನಿನ್ನದು." ಅಂದರೆ ಇಬ್ಬರನ್ನು ಸೇರಿಸಿದರೆ ಹಾಕಿದ ಹಣ ಬಂತು. ಕೇಳಲು ಸುಲಭ. ಆದರೆ ಆ ಇಬ್ಬರಿಗೆ ನಾಲ್ವರು ಬೇಕು, ನಾಲ್ವರಿಗೆ ಎಂಟು ಜನ. ಹತ್ತನೆಯ ಸಾಲಿಗೆ 1,024 ಜನ, ಇಪ್ಪತ್ತನೆಯ ಸಾಲಿಗೆ ಹತ್ತು ಲಕ್ಷವನ್ನೂ ದಾಟುತ್ತದೆ. ಸರಪಳಿ ಹತ್ತನೆಯ ಸಾಲಿನಲ್ಲಿ ನಿಂತಿತೆನ್ನಿ. ಮೇಲಿನ ಎಲ್ಲ ಸಾಲುಗಳನ್ನೂ ಕೂಡಿಸಿದರೆ 1,023 ಜನ, ಕೊನೆಯ ಸಾಲಿನಲ್ಲಿ 1,024. ಎಲ್ಲಿ ನಿಂತರೂ ಇದೇ ಲೆಕ್ಕ: ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಣ ಕಳೆದುಕೊಂಡವರೇ. ಇದು ಯಾರ ಸೋಮಾರಿತನದಿಂದಲೂ ಆದದ್ದಲ್ಲ. "ನೀನು ಸರಿಯಾಗಿ ದುಡಿಯಲಿಲ್ಲ" ಎಂದು ಕೊನೆಯ ಸಾಲಿನ ಹುಡುಗನನ್ನು ಮೂದಲಿಸುವುದು ಅನ್ಯಾಯ.

ನಮ್ಮಲ್ಲಿ ವಯಸ್ಸಾದವರಿಗೆ ಇದು ಹೊಸ ಕಥೆಯಲ್ಲ. 2003-04ರ ವೆನಿಲ್ಲಾ ಕಾಲವನ್ನು ನೆನೆಯಿರಿ. ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಎಂಬ ಸುದ್ದಿ ಹಬ್ಬಿ, ಕಾಫಿ ತೋಟದ ನೆರಳಿನಲ್ಲಿ, ಅಡಿಕೆ ಮರದ ಬುಡದಲ್ಲಿ ಎಲ್ಲೆಲ್ಲೂ ಬಳ್ಳಿ ಹಬ್ಬಿಸಿದೆವು. ಆಗ ನಿಜವಾಗಿ ದುಡ್ಡು ಕಂಡವರು ಯಾರು? ಮೊದಮೊದಲು ಕೋಡು ಮಾರಿದ ಕೆಲವರು, ಮತ್ತು ನಮಗೆಲ್ಲ ಬಳ್ಳಿಯ ತುಂಡು ಮಾರಿದವರು. ನಮ್ಮ ಬಳ್ಳಿ ಹೂ ಬಿಟ್ಟು, ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಿ, ಕೋಡು ಬಲಿಯುವಷ್ಟರಲ್ಲಿ ಧಾರಣೆ ನೆಲಕ್ಕಿಳಿದಿತ್ತು. ಇಂದಿನ ಕೋರ್ಸೂ ಆ ಬಳ್ಳಿಯಂತೆಯೇ. ಬಳ್ಳಿ ಮಾರಿ ಗಳಿಸಿದವನು ತನ್ನ ಗಳಿಕೆ ಕೋಡಿನಿಂದ ಬಂದಿತೆಂದು ಹೇಳಿಕೊಂಡರೆ ನಂಬಬಾರದು.

ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. ಹಣ ಚಲಾವಣೆಯ ಇಂಥ ಯೋಜನೆಗಳನ್ನು ನಿಷೇಧಿಸಿದ ಕಾಯಿದೆ 1978ರಷ್ಟು ಹಳೆಯದು. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಯೋಜನೆ ನಡೆಸಕೂಡದೆಂದು 2021ರ ಡಿಸೆಂಬರಿನ ನಿಯಮಗಳು ಹೇಳುತ್ತವೆ. ಸರಕನ್ನು ಹೊಗಳುವವನು ಅದರಿಂದ ತನಗೆ ಲಾಭವಿದ್ದರೆ ಅದನ್ನು ಬಹಿರಂಗಪಡಿಸಬೇಕೆಂದು 2022ರ ಮಾರ್ಗಸೂಚಿ ವಿಧಿಸುತ್ತದೆ. ಆದರೆ ನಡುವೆ ಕೋರ್ಸೆಂಬ ಸರಕೊಂದನ್ನು ಇಟ್ಟುಬಿಟ್ಟರೆ, ಇದು ವಿದ್ಯೆಯೋ ಸರಪಳಿಯೋ ಎಂದು ನಿರ್ಧರಿಸುವಷ್ಟರಲ್ಲಿ ಕಾಲ ಕಳೆದಿರುತ್ತದೆ. ಆದುದರಿಂದ ಎಚ್ಚರ ನಮ್ಮ ಮನೆಯಲ್ಲೇ ಇರಬೇಕು.

ಹಾಗೆಂದು ಮಕ್ಕಳನ್ನು ಗದರಿಸಿ ಕೂರಿಸುವುದು ನಮಗೆ ಒಪ್ಪಿಗೆಯಿಲ್ಲ. ನಮ್ಮ ಹುಡುಗರು ಈ ದಾರಿ ಹಿಡಿಯುವುದಕ್ಕೆ ಕಾರಣಗಳಿವೆ. ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕು ಬಂತು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆದರೆ ಡಿಗ್ರಿ ಮುಗಿಸಿದ ಪ್ರತಿ ಹುಡುಗನಿಗೂ ಅಲ್ಲಿ ಕಾಯಂ ಕೆಲಸ ಸಿಕ್ಕೀತೆ? ಗುತ್ತಿಗೆಯ ಪಾಳಿ ಕೆಲಸ ಮುಗಿಸಿ ಬಂದವನಿಗೆ ಮೊಬೈಲಿನೊಳಗಿನ ಲಕ್ಷಾಧೀಶ ದೊಡ್ಡವನಾಗಿ ಕಾಣುವುದು ಸಹಜ. ಇತ್ತ ಮನೆಯಲ್ಲಿ ನಾವಾದರೂ ತೋಟದ ಜಮಾ-ಖರ್ಚನ್ನು ಮಗನಿಗೆ ತೋರಿಸಿದ್ದೇವೆಯೆ? ಚೇಣಿ ಎಷ್ಟಕ್ಕೆ ಕೊಟ್ಟೆವೆಂಬುದನ್ನು ಕೂಡ ಹೇಳುವುದಿಲ್ಲ. ಲೆಕ್ಕ ಕಲಿಸದ ಮನೆಯ ಹುಡುಗನಿಗೆ ಹೊರಗಿನವರು ತಮ್ಮ ಲೆಕ್ಕ ಕಲಿಸುತ್ತಾರೆ.

ಮಾರಾಟದ ವಿದ್ಯೆ ಕಲಿಯಬೇಕಾದದ್ದೇ. ಆದರೆ ಅದಕ್ಕೆ ನಲವತ್ತು ಸಾವಿರ ಸುರಿಯಬೇಕಾಗಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಎಂಬ ವೇದಿಕೆ 2017ರಿಂದ ಇದೆ, ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳು ಅದಕ್ಕೂ ಹಿಂದಿನವು. ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರಿಗೆ ಮಾತ್ರ ಶುಲ್ಕ. ತೋಟಗಾರಿಕೆಯ ವಿಷಯವಾದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಅಕ್ಷರಕ್ಕೆ ಬೆಲೆ ಕಟ್ಟದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಓದಿಸಿದ ಸಿದ್ಧಗಂಗೆಯ ಸೀಮೆ ಇದು. ಇಲ್ಲಿಯವರು ಕಲಿಕೆಯ ಹೆಸರಿನಲ್ಲಿ ಸುಲಿಗೆಗೆ ಒಳಗಾಗುವುದು ನಾಚಿಕೆಯ ಮಾತು.

ಇನ್ನೊಂದು ಎಚ್ಚರಿಕೆ. ದುಬಾರಿ ಕೋರ್ಸಿಗೆ ಬದಲೆಂದು 'ಅದೇ ಪಾಠ, ಐನೂರಕ್ಕೆ' ಎಂದು ಕೊಡುವವರೂ ಇದ್ದಾರೆ. ಕೆಲವರದು ಕದ್ದ ಮಾಲು. ಕೆಲವರದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಐನೂರು ಕೊಟ್ಟವನನ್ನು ಐದು ಸಾವಿರಕ್ಕೆ, ಅಲ್ಲಿಂದ ಐವತ್ತು ಸಾವಿರಕ್ಕೆ ಏರಿಸುವುದೇ ಅವರ ವ್ಯಾಪಾರ. ಅಗ್ಗವೆಂದ ಮಾತ್ರಕ್ಕೆ ಪ್ರಾಮಾಣಿಕವಲ್ಲ. ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಕಲಿಸುವವರ ಆದಾಯ ಕಲಿಸಿದ ಕಸುಬಿನಿಂದ ಬಂದದ್ದೋ, ಕೋರ್ಸು ಮಾರಿ ಬಂದದ್ದೋ? ಇದೇ ಪಾಠ ಎಲ್ಲಿಯಾದರೂ ಪುಕ್ಕಟೆ ಸಿಗುತ್ತದೆಯೆ? ಹಣ ಹಿಂದಿರುಗಿಸುವ ಷರತ್ತು ಬರವಣಿಗೆಯಲ್ಲಿದೆಯೆ? ಈಗಾಗಲೇ ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೂ, ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೂ ಕರೆ ಮಾಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ.

ಕೊನೆಯದಾಗಿ ನಮ್ಮ ಸಂಘದ ಕರ್ತವ್ಯ. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದಾಗ, ನಡುವಿನವನನ್ನು ಬೈಯುತ್ತ ಕೂರದೆ, ಬೆಳೆಗಾರರೇ ಕೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ನಾವೂ ಬೈದು ಸುಮ್ಮನಾಗಬಾರದು. ಮುಂದಿನ ಆಡಳಿತ ಮಂಡಳಿಯ ಸಭೆಗೆ ಎರಡು ಸೂಚನೆ ತರಲಿದ್ದೇವೆ. ಒಂದು, ಕಛೇರಿಯ ಕಂಪ್ಯೂಟರನ್ನು ಭಾನುವಾರ ಸದಸ್ಯರ ಮಕ್ಕಳಿಗೆ ಬಿಟ್ಟುಕೊಟ್ಟು, ಮೇಲೆ ಹೇಳಿದ ಉಚಿತ ಪಾಠಗಳನ್ನು ಕೂಡಿ ಕಲಿಯಲು ಅನುವು ಮಾಡುವುದು. ಇನ್ನೊಂದು, ಸದಸ್ಯರು ತಯಾರಿಸುವ ಕಾಫಿಪುಡಿ, ಹಾಳೆತಟ್ಟೆಗಳನ್ನು ಹೊರ ಊರಿನ ಗಿರಾಕಿಗೆ ಮಾರಿಕೊಟ್ಟ ಹುಡುಗ-ಹುಡುಗಿಯರಿಗೆ ಸಂಘದಿಂದಲೇ ನೂರಕ್ಕೆ ಇಷ್ಟೆಂದು ದಲಾಲಿ ಕೊಡುವುದು. ಸೇರಲು ಹಣವಿಲ್ಲ, ಇನ್ನೊಬ್ಬರನ್ನು ಸೇರಿಸಿದ್ದಕ್ಕೆ ಬಹುಮಾನವೂ ಇಲ್ಲ. ಮಾಲು ಹೋದರೆ ಕೂಲಿ. ಇದರಿಂದ ಯಾರೂ ಲಕ್ಷಾಧೀಶರಾಗಲಾರರು. ಆದರೆ ಯಾವ ತೋಟಕ್ಕೂ ಗೊಬ್ಬರ ತಪ್ಪದು.

ಮೇಲೆ ಹೇಳಿದ ಸದಸ್ಯರ ಕಂತಿಗೆ ಕಾಲಾವಕಾಶ ಕೊಡಬೇಕೆಂದೂ ಅದೇ ಸಭೆಯಲ್ಲಿ ಕೇಳಲಿದ್ದೇವೆ. ಅವರ ಮಗನನ್ನು ಭಾನುವಾರದ ಪಾಠಕ್ಕೆ ಮೊದಲಿಗನಾಗಿ ಕರೆದಿದ್ದೇವೆ. ಕಳೆದುಕೊಂಡವನಿಗೆ ತಿಳಿದಷ್ಟು ಲೆಕ್ಕ ಬೇರೆಯವರಿಗೆ ತಿಳಿದಿರುವುದಿಲ್ಲ. ಅವನು ಬರುವುದಾಗಿ ಒಪ್ಪಿದ್ದಾನೆ. ನೀವೂ ನಿಮ್ಮ ಮಕ್ಕಳನ್ನು ಕಳುಹಿಸಿಕೊಡಿ. ಬಿಡುವಿದ್ದರೆ ನೀವೂ ಬನ್ನಿ.

- ಕಾರ್ಯದರ್ಶಿ